ಸಾಪೇಕ್ಷ

'ನೋಡು' ಎಂಬರ್ಥದ 'ಈಕ್ಷ್' ಧಾತುವಿಗೆ 'ಅಪ' ಎಂಬ ಉಪಸರ್ಗವು ಕೂಡಿ 'ಅಪೇಕ್ಷಾ' ಎಂದಾಯಿತು. ಸಹಿತಾರ್ಥದ 'ಸ'ಕಾರವು ಮೊದಲಲ್ಲಿ ಸೇರಲು 'ಸಾಪೇಕ್ಷ'ವೆನಿಸಿತು. ಅಪೇಕ್ಷೆಯೆಂದೊಡನೆ ಕನ್ನಡಿಗನಿಗೆ ಬಯಕೆಯೇ ನೆನಪಾಗುವುದಾದರೂ, ಒಂದನ್ನು ಮತ್ತೊಂದರೊಡನಿಟ್ಟು ನೋಡುವುದೆಂಬ ಅರ್ಥವು ನಮ್ಮ ಬೆಳಗಾವಿಯಲ್ಲಿ ಇಂದಿಗೂ ಜೀವಂತವಾಗಿದೆ: ಮಹಾಂತೇಶ ನಗರದಿಂದ ಪೇಟೆಗೆ ಹೋಗಿ ಕಾಯಿಪಲ್ಲೆ ಕೊಳ್ಳುವಾಗ ಪಕ್ಕದ ಮರಾಠಿ ಗೃಹಿಣಿಯು 'ಹ್ಯಾಪೇಕ್ಷಾ ತೀ ಬರೀ' ಎಂದು ಒಂದು ಬುಟ್ಟಿಯ ಬದನೆಕಾಯಿಯನ್ನು ಬಿಟ್ಟು ಇನ್ನೊಂದಕ್ಕೆ ಕೈಯಿಕ್ಕುವಳಷ್ಟೆ, 'ಇದಕ್ಕಿಂತ' ಎಂದು ಹೋಲಿಸುವ ಆ 'ಪೇಕ್ಷಾ' ಎಂಬುದು ಆದಿಯ ಅಕಾರವನ್ನು ಕಳೆದುಕೊಂಡ ಅಪೇಕ್ಷೆಯೇ ಹೊರತು ಅನ್ಯವಲ್ಲ.

ಅರ್ಥಪೂರ್ತಿಗೆ ಪದಾಂತರವನ್ನು ಬಯಸುವ ಪದವನ್ನು ವೈಯಾಕರಣರು ಸಾಪೇಕ್ಷವೆಂದರು. 'ಗುರು' ಎಂದರೆ ಯಾರ ಗುರುವೆಂದು ಕೇಳಲೇಬೇಕಲ್ಲವೆ?

ಚಲನೆಯೂ ಹೀಗೆಯೇ ಸಾಪೇಕ್ಷವು: ಖಾನಾಪುರದ ರೈಲು ದೇಸೂರನ್ನು ದಾಟುತ್ತಿರಲು ಎದುರಿಗೆ ತೂಕಡಿಸುವ ಅಜ್ಜನು ನಮಗೆ ನಿಶ್ಚಲನು, ಗದ್ದೆಯ ಬದುವಿನಲ್ಲಿ ನಿಂತವನಿಗೆ ಧಾವಮಾನನು. ಇಷ್ಟನ್ನು ಗೆಲಿಲಿಯೋವೂ ಬಲ್ಲನು. 1905ರಲ್ಲಿ ಐನ್‌ಸ್ಟೈನರು ಹೇಳಿದ ಹೊಸ ಮಾತೆಂದರೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುವ ಬೆಳಕಿನ ವೇಗವು ಇಬ್ಬರಿಗೂ ಒಂದೇ ಆದುದರಿಂದ, ಅವರಿಬ್ಬರ ಕಾಲವೂ ಅಳತೆಗೋಲೂ ಒಂದಾಗಿರಲಾರವು ಎಂಬುದು. ನಿರಪೇಕ್ಷವಾದೊಂದು ವೇಗದ ಮೇಲೆ ನಿಂತ ಸಿದ್ಧಾಂತಕ್ಕೆ ಸಾಪೇಕ್ಷತೆಯೆಂಬ ಹೆಸರು ಬಂದುದು ವಿನೋದವೇ ಸರಿ! 1915ರಲ್ಲಿ ಗುರುತ್ವವೂ ಇದರೊಳಗೆ ಬಂದಿತು.

ರೈಲಿನ ವೇಗದಲ್ಲಿ ಈ ಭೇದವು ಅತ್ಯಲ್ಪ; ಆದರೆ ನಮ್ಮ ಮೊಬೈಲಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದವಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೋಡುವುದರಿಂದ, ಅವನ್ನು ತಿದ್ದಿಯೇ ಬಳಸುತ್ತಾರೆ.