ಇಟ್ಟಿಗೆಯೋ ಫೋಟಾನೋ: ಎರಡು ಊರುಗಳ ಎರಡು ಕ್ಯಾಮೆರಾಗಳು

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಊರಿಗೆ ಹೊರಡುವ ಸಂಸಾರಗಳಲ್ಲಿ ವಿಮಾನದ ಟಿಕೆಟ್ಟಿನ ಚಿಂತೆ ತೀರಿದ ಮೇಲೆ ತಲೆಯೆತ್ತುವ ಚರ್ಚೆಗಳಲ್ಲಿ ಕ್ಯಾಮೆರಾದ ಚರ್ಚೆಯೂ ಒಂದು. ನೀರಿಗೆ ಬಿದ್ದರೂ ಕೆಡದ, ಕೈಜಾರಿದರೂ ಒಡೆಯದ, ಅಂಗಿಯ ಜೇಬಿಗೆ ಹಿಡಿಸುವ ಪುಟ್ಟ ಗಟ್ಟಿ ಕ್ಯಾಮೆರಾ ಕೊಳ್ಳುವುದೇ? ಅಥವಾ ಲೆನ್ಸುಗಳನ್ನು ಬದಲಿಸಬಹುದಾದ, ಒಳಗೆ ಕನ್ನಡಿಯಿಲ್ಲದ, ಬೆಲೆಯಲ್ಲಿಯೂ ಗುಣದಲ್ಲಿಯೂ ಮೇಲಾದ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವುದೇ? ಮನೆಯ ಯಜಮಾನರು ಒಂದು ಪಕ್ಷ, ಮಕ್ಕಳು ಇನ್ನೊಂದು ಪಕ್ಷ. ಗೃಹಿಣಿಯರು ಬಹುಮಟ್ಟಿಗೆ ಹಣದ ಪಕ್ಷ.

ಈ ಪ್ರಶ್ನೆ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ನಾವು ನೆಲೆಸಿರುವ ಈ ಎರಡು ನಗರಗಳ ಸೀಮೆಯಲ್ಲಿಯೇ ಈ ಪ್ರಶ್ನೆಗೆ ಸುಮಾರು ಎಂಬತ್ತು ವರ್ಷಗಳ ಹಿಂದೆ ಎರಡು ಉತ್ತರಗಳು ಸಿದ್ಧವಾಗಿದ್ದವು. ಗಟ್ಟಿಮುಟ್ಟಾದ ಅಗ್ಗದ ಕ್ಯಾಮೆರಾ ಹುಟ್ಟಿದ್ದು ಡೆಟ್ರಾಯಿಟ್ ನಗರಕ್ಕೆ ಪಶ್ಚಿಮದಲ್ಲಿರುವ ಆನ್ ಆರ್ಬರಿನಲ್ಲಿ. ಮೇಲುದರ್ಜೆಯ ದುಬಾರಿ ಕ್ಯಾಮೆರಾ ಹುಟ್ಟಿದ್ದು ಶಿಕಾಗೋದಲ್ಲಿ. ಆ ಕಥೆಯನ್ನು ಈ ದಿನ ತಮ್ಮ ಮುಂದಿಡುತ್ತೇನೆ.

ಆನ್ ಆರ್ಬರ್ ಎಂದರೆ ನಮ್ಮವರಿಗೆ ವಿಶ್ವವಿದ್ಯಾಲಯದ ನೆನಪು. ಆದರೆ ಅಲ್ಲಿ 1931ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಚಾರ್ಲ್ಸ್ ವರ್ಷೂರ್ ಎಂಬವರೂ ಊರಿನ ಕೆಲವು ವ್ಯಾಪಾರಸ್ಥರೂ ಸೇರಿ ಇಂಟರ್‌ನ್ಯಾಷನಲ್ ರೇಡಿಯೋ ಕಾರ್ಪೊರೇಷನ್ ಎಂಬ ಕಾರ್ಖಾನೆ ತೆರೆದರು. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಾಕಿ ಅಗ್ಗದ ಪುಟ್ಟ ರೇಡಿಯೋಗಳನ್ನು ಮಾಡುವುದು ಅವರ ಕಸುಬು. ರೇಡಿಯೋ ಚಳಿಗಾಲದ ಸರಕು. ಜನ ಮನೆಯೊಳಗೆ ಕೂರುವ ಕಾಲಕ್ಕೆ ಮಾತ್ರ ಮಾರಾಟ. ಬೇಸಿಗೆಯಲ್ಲಿ ಅದೇ ಯಂತ್ರ, ಅದೇ ಕೆಲಸಗಾರರಿಂದ ಏನು ಮಾಡಿಸುವುದು? ಯೂರೋಪಿನಲ್ಲಿ 1925ರಿಂದ ಮಾರುಕಟ್ಟೆಯಲ್ಲಿದ್ದ ಲೈಕಾ ಎಂಬ ಜರ್ಮನ್ ಕ್ಯಾಮೆರಾ ಚಲನಚಿತ್ರದ 35 ಮಿಲಿಮೀಟರ್ ಫಿಲ್ಮಿನಲ್ಲಿಯೇ ಚಿತ್ರ ತೆಗೆಯುತ್ತಿತ್ತು. ಅದು ಶ್ರೀಮಂತರ ಒಡವೆ. ಅಂಥದನ್ನೇ ಬೇಕಲೈಟಿನಲ್ಲಿ ಮಾಡಿದರೆ ಹೇಗೆ ಎಂಬ ಯೋಚನೆಯಿಂದ 1936ರಲ್ಲಿ ಆರ್ಗಸ್ ಎ ಹೊರಬಂತು. ಬೆಲೆ ಹನ್ನೆರಡೂವರೆ ಡಾಲರು. ಗ್ರೀಕ್ ಪುರಾಣದ ಆರ್ಗಸ್‌ಗೆ ನೂರು ಕಣ್ಣು. ನಮ್ಮ ಸಹಸ್ರಾಕ್ಷ ಇಂದ್ರನ ಮುಂದೆ ಬಡವನೇ ಸರಿ, ಆದರೆ ಕ್ಯಾಮೆರಾಕ್ಕೆ ಒಪ್ಪುವ ಹೆಸರು.

ಕೆಲಸ ಕೈಹತ್ತಿತು. ರೇಡಿಯೋ ಹಿಂದೆ ಸರಿದು ಕ್ಯಾಮೆರಾವೇ ಮುಖ್ಯವಾಯಿತು. 1939ರಲ್ಲಿ ಬಂದದ್ದು ಆರ್ಗಸ್ ಸಿ-3. ಅದನ್ನು ಕಂಡವರೆಲ್ಲ ಇಟ್ಟ ಹೆಸರು ‘ಬ್ರಿಕ್’, ಅಂದರೆ ಇಟ್ಟಿಗೆ. ಹೆಸರಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಆಕಾರ ಇಟ್ಟಿಗೆಯದೇ, ಕೈಯಲ್ಲಿ ಹಿಡಿದರೆ ಭಾರವೂ ಹಾಗೆಯೇ ಅನಿಸುತ್ತದೆ. ದೂರವನ್ನು ಹೊಂದಿಸುವ ಹಲ್ಲುಚಕ್ರಗಳು ಮುಖದ ಮೇಲೆ ಗಡಿಯಾರದ ಒಳಭಾಗದಂತೆ ಬಯಲಾಗಿ ನಿಂತಿವೆ. ಮೂರು ಗಾಜುಗಳ ಸರಳವಾದ ಎಫ್ 3.5 ಲೆನ್ಸು. ಫಿಲ್ಮು ಸುತ್ತುವುದು ಒಂದು ಕೆಲಸ, ಷಟರನ್ನು ಬಿಗಿಯುವುದು ಬೇರೊಂದು ಕೆಲಸ. ಮೊದಲನೆಯದನ್ನು ಮರೆತರೆ ಅಜ್ಜಿಯ ಮುಖದ ಮೇಲೆ ಮೊಮ್ಮಗನ ಮುಖ ಮೂಡುತ್ತದೆ. ಹೀಗಿದ್ದೂ ಅದು 1966ರವರೆಗೆ, ಇಪ್ಪತ್ತೇಳು ವರ್ಷ, ದೊಡ್ಡ ಬದಲಾವಣೆಯಿಲ್ಲದೆ ತಯಾರಾಯಿತು. ಒಟ್ಟು ಸುಮಾರು ಇಪ್ಪತ್ತು ಲಕ್ಷ ಕ್ಯಾಮೆರಾಗಳು. ಹ್ಯಾರಿ ಪಾಟರ್ ಚಲನಚಿತ್ರಗಳಲ್ಲಿ 2002ರಲ್ಲಿ ಬಂದ ಎರಡನೆಯದನ್ನು ನೋಡಿದ ಮಕ್ಕಳಿಗೆ ಈ ಇಟ್ಟಿಗೆ ಅಪರಿಚಿತವಲ್ಲ: ಕಾಲಿನ್ ಎಂಬ ಹುಡುಗ ಕೊರಳಿಗೆ ಹಾಕಿಕೊಂಡು ತಿರುಗುವುದು ಇದನ್ನೇ.

ಇಟ್ಟಿಗೆಯ ಬೆಲೆ ನಿಜವಾಗಿ ತಿಳಿದದ್ದು ಯುದ್ಧದಲ್ಲಿ. ಟೋನಿ ವಕಾರೋ ಎಂಬ ಇಟಾಲಿಯನ್ ವಲಸಿಗ ಕುಟುಂಬದ ಯುವಕ ಅಮೆರಿಕದ 83ನೆಯ ಪದಾತಿ ದಳದಲ್ಲಿ ಸೈನಿಕ. ಸೇನೆಯ ಛಾಯಾಗ್ರಾಹಕನಾಗಬೇಕೆಂದು ಕೇಳಿದಾಗ, ಚಿಕ್ಕವನೆಂದು ಅವನನ್ನು ತೆಗೆದುಕೊಳ್ಳಲಿಲ್ಲ. ಸೇನೆಯ ಅಧಿಕೃತ ಛಾಯಾಗ್ರಾಹಕರ ಕೈಯಲ್ಲಿ ಸ್ಪೀಡ್ ಗ್ರಾಫಿಕ್ ಎಂಬ ದೊಡ್ಡ ಕ್ಯಾಮೆರಾ. ಪ್ರತಿ ಚಿತ್ರಕ್ಕೂ ಬೇರೆ ಫಿಲ್ಮು ಹಾಕಬೇಕು. ವಕಾರೋ ತನ್ನ ಸ್ವಂತ ಹಳೆಯ ಆರ್ಗಸ್ ಸಿ-3 ಅನ್ನು ಬಂದೂಕಿನ ಜೊತೆಗೇ ಹೊತ್ತು 1944ರಲ್ಲಿ ನಾರ್ಮಂಡಿಯ ದಡಕ್ಕಿಳಿದ. ರಾತ್ರಿ ಹೊತ್ತು ಸಂಗಡಿಗರ ಉಕ್ಕಿನ ಟೋಪಿಗಳನ್ನು ಎರವಲು ಪಡೆದು, ಅವುಗಳಲ್ಲಿ ರಾಸಾಯನಿಕಗಳನ್ನೂ ನೀರನ್ನೂ ತುಂಬಿ ಫಿಲ್ಮನ್ನು ತೊಳೆದು ಮರದ ಕೊಂಬೆಗಳಿಗೆ ನೇತುಹಾಕುತ್ತಿದ್ದ. ಹೀಗೆ ಸಾವಿರಾರು ಚಿತ್ರಗಳು. ಅಧಿಕೃತ ಛಾಯಾಗ್ರಾಹಕ ಬರುವ ಹೊತ್ತಿಗೆ ಮುಗಿದುಹೋಗುವಂಥ ಗಳಿಗೆಗಳು ಅವು. ಗುಂಡು ಹಾರುವ ಜಾಗದಲ್ಲಿ ಗುಂಡು ಹಾರಿಸುವವನೇ ತೆಗೆದವು. ವಕಾರೋ 2022ರ ಡಿಸೆಂಬರಿನಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಶಿಕಾಗೋಗೆ ಬರೋಣ. ಬೆಲ್ ಅಂಡ್ ಹೋವೆಲ್ ಕಂಪನಿಯನ್ನು ಡೊನಾಲ್ಡ್ ಬೆಲ್ ಮತ್ತು ಆಲ್ಬರ್ಟ್ ಹೋವೆಲ್ 1907ರಲ್ಲಿ ಈ ನಗರದಲ್ಲಿ ಸ್ಥಾಪಿಸಿದರು. ಚಲನಚಿತ್ರದ ಯಂತ್ರಗಳಲ್ಲಿ ಅವರದೇ ಮೇಲುಗೈ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರು ಸ್ಥಿರಚಿತ್ರದ ಕಡೆಗೆ ತಿರುಗಿ 1948ರಲ್ಲಿ ಫೋಟಾನ್ ಎಂಬ ಕ್ಯಾಮೆರಾ ತಂದರು. ಒಳಗೆ ಗಡಿಯಾರದಂತೆ ಕೀಲಿ ಕೊಡುವ ಸ್ಪ್ರಿಂಗು. ಗುಂಡಿ ಒತ್ತಿ ಹಿಡಿದರೆ ಫಿಲ್ಮು ತಾನೇ ಓಡಿ ಒಂದರ ಹಿಂದೊಂದು ಚಿತ್ರ. ಸೆಕೆಂಡಿಗೆ ಆರು ಎಂದು ಕಂಪನಿ ಹೇಳಿಕೊಂಡಿತ್ತು. ಇಂಗ್ಲೆಂಡಿನ ಟೇಲರ್ ಹಾಬ್ಸನ್ ಸಂಸ್ಥೆಯ ಎಫ್ 2 ಲೆನ್ಸು, ಸೆಕೆಂಡಿನ ಸಾವಿರದಲ್ಲೊಂದು ಭಾಗದ ಷಟರು. ಇಂದಿನ ಮಿರರ್‌ಲೆಸ್ ಕ್ಯಾಮೆರಾದ ಜಾಹೀರಾತಿನಲ್ಲಿ ಹೇಳುವ ಗುಣಗಳಲ್ಲಿ ಹಲವನ್ನು ವಿದ್ಯುತ್ತಿನ ಹಂಗಿಲ್ಲದೆ ಶಿಕಾಗೋದ ಕುಶಲಕರ್ಮಿಗಳು ಆಗಲೇ ಮಾಡಿ ತೋರಿಸಿದ್ದರು. ಬೆಲೆ 700 ಡಾಲರು. ಇಟ್ಟಿಗೆಯ ಬೆಲೆ ಆಗ ಎಪ್ಪತ್ತರ ಆಸುಪಾಸು. ಡೆಟ್ರಾಯಿಟ್ಟಿನ ಹೊಸ ಕಾರೊಂದರ ಬೆಲೆಯ ಸರಿಸುಮಾರು ಅರ್ಧವನ್ನು ಒಂದು ಕ್ಯಾಮೆರಾಕ್ಕೆ ಸುರಿಯುವವರು ಎಷ್ಟು ಜನ? ಬೆಲೆಯನ್ನು 500ರ ಸಮೀಪಕ್ಕೆ ಇಳಿಸಿದರೂ ನಡೆಯಲಿಲ್ಲ. 1950ರ ವೇಳೆಗೆ ಫೋಟಾನ್ ನಿಂತುಹೋಯಿತು. ಇಂದು ಸಂಗ್ರಾಹಕರು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಪೂಜಿಸುತ್ತಾರೆ.

ಇಷ್ಟಕ್ಕೆ, ಅಗ್ಗದ್ದು ಗೆದ್ದಿತು, ದುಬಾರಿಯದು ಸೋತಿತು ಎಂದು ತೀರ್ಪು ಬರೆಯಲು ನಾನು ಸಿದ್ಧನಿಲ್ಲ. ಇದೇ ಕಂಪನಿ 1925ರಲ್ಲಿ ತಂದ ಐಮೋ ಎಂಬ ಚಲನಚಿತ್ರ ಕ್ಯಾಮೆರಾ ಅಗ್ಗವೇನಲ್ಲ. ಆದರೆ ಕೈಯಲ್ಲಿ ಹಿಡಿದೇ ಚಿತ್ರಿಸಬಹುದು, ಹೇಗೆ ಬಳಸಿದರೂ ಜಗ್ಗುವುದಿಲ್ಲ ಎಂಬ ಕಾರಣಕ್ಕೆ ವಾರ್ತಾಚಿತ್ರದವರೂ ಸೈನ್ಯದವರೂ ಅದನ್ನು ದಶಕಗಳ ಕಾಲ ಬಿಡಲಿಲ್ಲ. ಅಂದರೆ ಗಟ್ಟಿತನವೂ ಮೇಲುದರ್ಜೆಯೂ ಪರಸ್ಪರ ವೈರಿಗಳಲ್ಲ.

ಇನ್ನೊಂದು ಉದಾಹರಣೆ ಶಿಕಾಗೋದ ದಾದಿ ವಿವಿಯನ್ ಮೇಯರ್. ಅವರು 1956ರಲ್ಲಿ ಇಲ್ಲಿನ ಉತ್ತರದ ಉಪನಗರಗಳಿಗೆ ಬಂದು ಪರರ ಮಕ್ಕಳನ್ನು ನೋಡಿಕೊಳ್ಳುತ್ತ ಜೀವಿಸಿದರು. ಅವರ ಕೊರಳಲ್ಲಿದ್ದದ್ದು ಜರ್ಮನಿಯ ರೋಲಿಫ್ಲೆಕ್ಸ್, ಅಂದಿಗೆ ಉತ್ತಮ ವರ್ಗದ ಕ್ಯಾಮೆರಾ. ದಾದಿಯ ಸಂಬಳಕ್ಕೆ ಅದು ಮಿತಿಮೀರಿದ ವೆಚ್ಚವೆಂದು ನಮ್ಮಲ್ಲಿ ಯಾರಾದರೂ ಹಿರಿಯರು ಗದರಿಸುತ್ತಿದ್ದರೇನೋ. ಆದರೆ ಅವರು ಅದನ್ನು ದಿನವೂ ಬೀದಿಗೆ ಒಯ್ದರು. ಲಕ್ಷಕ್ಕೂ ಮೀರಿ ನೆಗಟಿವ್‌ಗಳನ್ನು ಬಿಟ್ಟುಹೋದರು. ದುಬಾರಿ ಕ್ಯಾಮೆರಾ ಮನೆಯಲ್ಲೇ ಉಳಿಯುತ್ತದೆ ಎಂಬ ನಮ್ಮ ಸುಲಭದ ವಾದಕ್ಕೆ ಈ ಹೆಣ್ಣುಮಗಳು ಒಂದು ಅಡ್ಡಗೋಡೆ. ಕಡೆಗೆ ಉಗ್ರಾಣದ ಬಾಡಿಗೆ ಕಟ್ಟಲಾಗದೆ 2007ರಲ್ಲಿ ಆ ಗಂಟುಗಳು ಹರಾಜಾದವು. 2009ರಲ್ಲಿ ಅವರು ತೀರಿಕೊಂಡ ಮೇಲೆಯೇ ಲೋಕ ಅವರ ಹೆಸರನ್ನು ಕಲಿತದ್ದು.

ನಮ್ಮ ನಾಡಿನಲ್ಲಿಯೂ ಹೊರುವ ಭಾರಕ್ಕೂ ದೊರೆಯುವ ಚಿತ್ರಕ್ಕೂ ನಡುವಣ ಈ ಲೆಕ್ಕಾಚಾರ ಹಳೆಯದೇ. ಲಿನೇಯಸ್ ಟ್ರೈಪ್ ಮತ್ತು ಡಾಕ್ಟರ್ ಆಂಡ್ರ್ಯೂ ನೀಲ್ 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಲು ಬಂದಾಗ ದೊಡ್ಡ ಪೆಟ್ಟಿಗೆ, ಕಾಗದದ ನೆಗಟಿವ್, ರಾಸಾಯನಿಕಗಳೆಲ್ಲ ಜೊತೆಗೆ ಬರಬೇಕಾಯಿತು. ಜೇಬಿನ ಕ್ಯಾಮೆರಾದ ಮಾತೇ ಇಲ್ಲ. ಹೊಯ್ಸಳ ಶಿಲ್ಪದ ಸೂಕ್ಷ್ಮವನ್ನು ಅಂದು ಹಿಡಿಯಬಲ್ಲದ್ದು ಆ ಭಾರವಾದ ಸಲಕರಣೆಯೇ. ನೂರು ವರ್ಷಗಳಿಗೂ ಮೀರಿದ ಮೇಲೆ ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರಿಗೂ ಉದ್ದ ಲೆನ್ಸಿನ ಕ್ಯಾಮೆರಾವೇ ಬೇಕಾಯಿತು. ಮಲೆನಾಡಿನ ಮಳೆಗೂ ಲೆನ್ಸಿನ ಮೇಲೆ ಬೆಳೆಯುವ ಬೂಷ್ಟಿಗೂ ಹೆದರಿ ಹಕ್ಕಿಯನ್ನು ಬಿಡಲಾಗುವುದೇ?

ಈ ದೇಶದ ವಲಸೆ ಕಾನೂನು 1965ರಲ್ಲಿ ಬದಲಾದ ಮೇಲೆ ನಮ್ಮವರು ಇಲ್ಲಿಗೆ ಹೆಚ್ಚಾಗಿ ಬರತೊಡಗಿದರು. ಶಿಕಾಗೋದಲ್ಲಿ ವಿದ್ಯಾರಣ್ಯ, ಡೆಟ್ರಾಯಿಟ್ಟಿನಲ್ಲಿ ಪಂಪ ಎಂಬ ಹೆಸರಿನ ಕನ್ನಡ ಕೂಟಗಳು ಹುಟ್ಟಿದ್ದು ಅದರ ಫಲವಾಗಿಯೇ. ಆ ಹೊತ್ತಿಗೆ ಜಪಾನಿನ ಕ್ಯಾಮೆರಾಗಳು ಆನ್ ಆರ್ಬರಿನ ಇಟ್ಟಿಗೆಯನ್ನು ಮೂಲೆಗೊತ್ತಿದ್ದವು. ಆರ್ಗಸ್ ಕಂಪನಿ 1950ರ ದಶಕದ ಕೊನೆಯಲ್ಲಿಯೇ ಸಿಲ್ವೇನಿಯಾದವರ ಪಾಲಾಗಿ ಮುಂದೆ ಕೈಯಿಂದ ಕೈಗೆ ದಾಟಿತು. ಹೊಸದಾಗಿ ಬಂದವರ ಮುಂದಿದ್ದ ಆಯ್ಕೆಯೂ ನಮ್ಮದರಂತೆಯೇ: ಕೊಡಾಕ್ 1963ರಲ್ಲಿ ತಂದ ಇನ್‌ಸ್ಟಮ್ಯಾಟಿಕ್ ಎಂಬ ಡಬ್ಬಿ ಕ್ಯಾಮೆರಾ ಒಂದು ಕಡೆ, ಪೆಂಟ್ಯಾಕ್ಸ್ ನೈಕಾನ್‌ಗಳು ಇನ್ನೊಂದು ಕಡೆ. ಅಂದಿನ ಚಿತ್ರಗಳ ಮುಖ್ಯ ನೋಡುಗರು ನಾವಲ್ಲ ಎಂಬುದನ್ನು ಗಮನಿಸಬೇಕು. ಮೊದಲ ಹಿಮ, ಮೊದಲ ಕಾರು, ಸೀರೆಯ ಮೇಲೆ ಕೋಟು ತೊಟ್ಟ ಸೊಸೆ, ಇವೆಲ್ಲ ಅಂಚೆಯಲ್ಲಿ ಹಾಸನಕ್ಕೋ ಧಾರವಾಡಕ್ಕೋ ಹೋಗಬೇಕು. ಮಗ ಸುಖವಾಗಿದ್ದಾನೆಂದು ಹೇಳಬೇಕು. ಟೆಲಿಫೋನು ಮಾಡುವುದೇ ದುಬಾರಿಯಾಗಿದ್ದ ಕಾಲದಲ್ಲಿ ಆ ನಾಲ್ಕು ಅಂಗುಲದ ಕಾಗದ ಹೊತ್ತ ಜವಾಬ್ದಾರಿ ದೊಡ್ಡದು.

ಇಂದಿನ ಆಯ್ಕೆಗೆ ಬರುತ್ತೇನೆ. ಲೆನ್ಸು ಬದಲಿಸುವ ಡಿಜಿಟಲ್ ಕ್ಯಾಮೆರಾದೊಳಗಿನ ಕನ್ನಡಿಯನ್ನು ತೆಗೆದು ಹಾಕಿ ಪ್ಯಾನಾಸಾನಿಕ್ 2008ರಲ್ಲಿ ತಂದ ಜಿ-1 ಈ ಮಿರರ್‌ಲೆಸ್ ಪರಂಪರೆಗೆ ನಾಂದಿ. ಗಟ್ಟಿ ಕ್ಯಾಮೆರಾಗಳಲ್ಲಿ ಒಲಿಂಪಸ್ಸಿನ ಟಫ್ ಸರಣಿ ಪ್ರಸಿದ್ಧ. 2019ರ ಟಿಜಿ-6 ನೀರಿನಲ್ಲಿ 15 ಮೀಟರ್ ಆಳಕ್ಕೆ ಇಳಿಯುತ್ತದೆ, ಎರಡು ಮೀಟರಿಗೂ ತುಸು ಮೇಲಿನಿಂದ ಬಿದ್ದರೆ ತಡೆಯುತ್ತದೆ, ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ನಡೆಯುತ್ತದೆ. ಈ ಭದ್ರತೆಗೆ ತೆರುವ ಬೆಲೆ ಬೆಳಕಿನದು. ಲೆನ್ಸು ಹೊರಕ್ಕೆ ಚಾಚದೆ ಮುಚ್ಚಿದ ಒಡಲಿನೊಳಗೇ ಚಲಿಸಬೇಕಾದ್ದರಿಂದ ಚಿತ್ರ ಹಿಡಿಯುವ ಸೆನ್ಸರು ಬಹಳ ಚಿಕ್ಕದು, ಸುಮಾರು 28 ಚದರ ಮಿಲಿಮೀಟರ್. ಜಿ-1ರದು 225. ಹಳೆಯ ಇಟ್ಟಿಗೆಯ ಫಿಲ್ಮಿನಷ್ಟೇ ಅಗಲವಾದ ಸೆನ್ಸರಾದರೆ 864, ಎಂದರೆ ಮೂವತ್ತು ಪಟ್ಟು. ಬಿಸಿಲಿನಲ್ಲಿ ಈ ಅಂತರ ಅಷ್ಟಾಗಿ ಕಾಣದು. ಶಾಲೆಯ ಸಭಾಂಗಣದ ಮಬ್ಬು ದೀಪದಲ್ಲಿ, ಮಗಳ ರಂಗಪ್ರವೇಶದ ದಿನ, ಜತಿಯ ಮಧ್ಯೆ ಅವಳ ಕೈ ಹಾರುತ್ತಿರುವಾಗ ಕಾಣುತ್ತದೆ. ಚಿಕ್ಕ ಸೆನ್ಸರಿನಲ್ಲಿ ಮುದ್ರೆ ಕರಗಿ ಮಂಜಾಗುತ್ತದೆ. ಆ ದಿನ ಮತ್ತೆ ಬರುವುದಿಲ್ಲ.

ಎರಡನ್ನೂ ಒಂದುಗೂಡಿಸುವ ಸಾಹಸ ನಡೆದಿಲ್ಲವೆಂದಲ್ಲ. ನೈಕಾನ್ 2013ರಲ್ಲಿ ತಂದ ಎಡಬ್ಲ್ಯು-1 ಲೆನ್ಸು ಬದಲಿಸಬಹುದಾದರೂ 15 ಮೀಟರ್ ಮುಳುಗಬಲ್ಲ ಮಿರರ್‌ಲೆಸ್ ಕ್ಯಾಮೆರಾ. ಆ ಇಡೀ ಸರಣಿಯನ್ನೇ ಕಂಪನಿ 2018ರಲ್ಲಿ ಕೈಬಿಟ್ಟಿತು.

ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುತ್ತೇನೆ. ದಿನನಿತ್ಯದ ಇಟ್ಟಿಗೆಯ ಸ್ಥಾನವನ್ನು ಈಗ ಜೇಬಿನ ಫೋನು ಆಕ್ರಮಿಸಿದೆ. ಆದ್ದರಿಂದ ಮಿಷಿಗನ್ ಸರೋವರದ ಅಲೆ, ಹಿಮದ ಬಂಡಿ, ಜೋಗದ ತುಂತುರು ಇವುಗಳ ನಡುವೆ ಮಕ್ಕಳ ಕೈಗೇ ಕ್ಯಾಮೆರಾ ಕೊಡುವ ಮನೆಯವರಿಗೆ ಮಾತ್ರ ಗಟ್ಟಿ ಕ್ಯಾಮೆರಾ ಸಾರ್ಥಕ. ಸಂಗೀತ, ನೃತ್ಯ, ನಾಟಕಗಳ ಮನೆಯವರು ಸಾಧಾರಣ ಬೆಲೆಯ ಒಂದು ಮಿರರ್‌ಲೆಸ್ ಒಡಲನ್ನೂ, ಎಫ್ 1.8ರ ಒಂದೇ ಒಂದು ಲೆನ್ಸನ್ನೂ ಕೊಂಡರೆ ಸಾಕು. ಒಬ್ಬರು ಬಳಸಿ ಬಿಟ್ಟದ್ದಾದರೂ ಸರಿಯೇ. ಮೂರು ಲೆನ್ಸಿನ ಚೀಲ ಹೊತ್ತು ಊರಿಗೆ ಹೋಗುವವರನ್ನು ನೋಡಿದರೆ ನನಗೆ ಫೋಟಾನ್ ನೆನಪಾಗುತ್ತದೆ. ಯಾವುದನ್ನೇ ಕೊಂಡರೂ ಜನವರಿಯ ಚಳಿಯಿಂದ ಮನೆಯೊಳಗೆ ತರುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಬೆಚ್ಚಗಾದ ಮೇಲೆ ಬಿಚ್ಚಿರಿ. ಹನಿಗಟ್ಟುವುದು ಚೀಲದ ಮೇಲೆ, ಲೆನ್ಸಿನ ಮೇಲಲ್ಲ. ಹೆಚ್ಚಿನ ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಳ್ಳಿರಿ.

ಕಡೆಯದಾಗಿ ಒಂದು ವಿನಂತಿ. ಈ ಸೀಮೆಯ ಹಳೆಯ ಸಾಮಾನುಗಳ ಮಾರಾಟಗಳಲ್ಲಿ, ಕೆಲವು ಮನೆಗಳ ನೆಲಮಾಳಿಗೆಗಳಲ್ಲಿ ಆರ್ಗಸ್ ಸಿ-3 ಈಗಲೂ ಸಿಗುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಎಷ್ಟೋ ಇಟ್ಟಿಗೆಗಳ ಷಟರು ಈ ಹೊತ್ತಿಗೂ ಟಕ್ಕೆನ್ನುತ್ತದೆ. ಸಿಕ್ಕಿದರೆ ಕುತೂಹಲದಿಂದ ಹಿಂಬದಿಯ ಬಾಗಿಲನ್ನು ಕೂಡಲೇ ತೆರೆಯಬೇಡಿರಿ. ಮೊದಲು ಫಿಲ್ಮನ್ನು ಹಿಂದಕ್ಕೆ ಸುತ್ತುವ ತಿರುಪನ್ನು ಮೆಲ್ಲಗೆ ತಿರುಗಿಸಿ ನೋಡಿರಿ. ಅದು ಕೈಗೆ ಬಿಗಿಯಾಗಿ ತಡೆದರೆ ಒಳಗೆ ಯಾರೋ ತೆಗೆದ ಫಿಲ್ಮು ಇನ್ನೂ ಇದೆ.