ಸಿಹಿ ಏಲು, ಕಹಿ ಬೀರು

ಏಲು, ಬೀರು ಎಂಬ ಮಾತುಗಳನ್ನು ಇಂದು ಅನೇಕರು ಹೆಚ್ಚು ಭೇದವೆಣಿಸದೆ ಬಳಸುವುದುಂಟು. 15ನೆಯ ಶತಮಾನದ ಲಂಡನ್ನಿನಲ್ಲಿ ಹಾಗಿರಲಿಲ್ಲ. ಏಲು ಇಂಗ್ಲೆಂಡಿನ ಹಳೆಯ ಪಾನೀಯ, ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ, ಎಂದರೆ ಮಾಲ್ಟಿನಿಂದ, ಆದದ್ದು, ಸಿಹಿ ಮುಂದಾದದ್ದು. ಬೀರು ಕಡಲಾಚೆಯ ಡಚ್ಚರ ನಾಡಿನಿಂದ ಬಂದದ್ದು. ಹಾಪ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸಿದ್ದರಿಂದ ಕಹಿಯಾದದ್ದು. ಈ ಎರಡು ರುಚಿಗಳ ಪೈಪೋಟಿಯಲ್ಲಿ ಒಂದು ಮನೆಗಸುಬಿನ ಅಳಿವಿನ ಕಥೆ ಅಡಗಿದೆ.

ಏಲು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಮನೆಮಂದಿಗೆಂದು ಮಾಡಿ, ಮಿಕ್ಕುದನ್ನು ನೆರೆಹೊರೆಗೆ ಮಾರುವರು. ಮಾರಾಟಕ್ಕುಂಟೆಂದು ತಿಳಿಸಲು ಬಾಗಿಲ ಮುಂದೆ ಒಂದು ಕೋಲನ್ನು ನಿಲ್ಲಿಸಿದರೆ ಸಾಕು. ಇಂಥವಳಿಗೆ ‘ಬ್ರೂಸ್ಟರ್’ ಎಂದು ಹೆಸರು. ಆ ಮಾತು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಏಲು ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು. ಕೂಡಿಡುವಂತಿಲ್ಲ, ದೂರ ಸಾಗಿಸುವಂತಿಲ್ಲ. ದೊಡ್ಡ ವ್ಯಾಪಾರಿಗೆ ಅದರಲ್ಲಿ ಆಸೆಯಿಲ್ಲ. ಪಾನೀಯದ ಈ ದೌರ್ಬಲ್ಯವೇ ಆ ಹೆಂಗಸರ ಕಸುಬಿಗೆ ಕಾವಲಾಗಿತ್ತು.

ಹಾಪ್ ಈ ಲೆಕ್ಕವನ್ನು ಕೆಡಿಸಿತು. ಅದರ ಹೂವಿನಲ್ಲಿರುವ ರಾಳ ಚೆನ್ನಾಗಿ ಕುದಿದಾಗ ಕಹಿಯನ್ನು ಬಿಡುತ್ತದೆ. ಹುಳಿಬರಿಸುವ ಅನೇಕ ಅಣುಜೀವಿಗಳನ್ನು ತಡೆಯುವುದೂ ಆ ಕಹಿಯೇ. ಇನ್ನು ಏಲನ್ನು ಕೆಡದಂತೆ ಗಟ್ಟಿಮಾಡಲು ಸುರಿಯುತ್ತಿದ್ದಷ್ಟು ಮಾಲ್ಟು ಬೇಕಿಲ್ಲ. 1574ರಲ್ಲಿ ಹಾಪ್ ತೋಟವನ್ನು ಕುರಿತು ಪುಸ್ತಕ ಬರೆದ ರೆಜಿನಾಲ್ಡ್ ಸ್ಕಾಟನ ಲೆಕ್ಕದಂತೆ ಒಂದು ಬುಷೆಲ್ ಮಾಲ್ಟಿಗೆ ಏಲಾದರೆ 8-9 ಗ್ಯಾಲನ್, ಬೀರಾದರೆ 18-20 ಗ್ಯಾಲನ್!

ಏಲೇ ಇಂಗ್ಲಿಷರಿಗೆ ಸಹಜವಾದ ಪಾನೀಯ, ಬೀರು ಡಚ್ಚರದು ಎಂದು 1542ರಲ್ಲಿ ವೈದ್ಯ ಆಂಡ್ರೂ ಬೋರ್ಡ್ ವಾದಿಸಿದ. ಆದರೆ ನಾಲಗೆಯ ಅಭಿಮಾನ ಲಾಭದೆದುರು ನಿಂತೀತೇ? ಬೀರಿಗೆ ದೊಡ್ಡ ಕೊಪ್ಪರಿಗೆ, ಹೆಚ್ಚು ಸೌದೆ, ಪೀಪಾಯಿಗಳು, ಬಂಡವಾಳ ಬೇಕು. ಸಾಲ ಹುಟ್ಟದ ಹೆಂಗಸರಿಗೆ ಅವೆಲ್ಲ ಎಲ್ಲಿಂದ ಬರಬೇಕು? ಹಾಪ್ ಒಂದೇ ಕಾರಣವಲ್ಲ. ನಗರಗಳ ಬೆಳವಣಿಗೆ, ಸೈನ್ಯಗಳ ಬೇಡಿಕೆ, ವೃತ್ತಿಸಂಘಗಳ ಕಟ್ಟುಪಾಡುಗಳೂ ಕೂಡಿಕೊಂಡವು. 1600ರ ವೇಳೆಗೆ ದೊಡ್ಡ ಊರುಗಳಲ್ಲಿ ಕಸುಬು ಬಹುಮಟ್ಟಿಗೆ ಗಂಡಸರ ಕೈಸೇರಿತ್ತು.

1880ರಲ್ಲಿ ಗ್ಲಾಡ್‌ಸ್ಟನ್ನನ ಸುಂಕದ ಸುಧಾರಣೆ ಮನೆಬೀರಿಗೂ ಪರವಾನಗಿಯನ್ನು ಹೊರಿಸಿತು. 1963ರಲ್ಲಿ ಅರ್ಥಸಚಿವ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಈಗ ಅಲ್ಲಿ ಮನೆಯಲ್ಲಿ ಬೀರು ಮಾಡುವವರು ಹಾಪಿನ ಒಂದು ಪಾಲನ್ನು ಮೊದಲೇ ಹಾಕಿ ಕಹಿ ತೆಗೆಯುತ್ತಾರೆ, ಇನ್ನೊಂದನ್ನು ಕೊನೆಗೆ ಹಾಕಿ ಪರಿಮಳ ಉಳಿಸುತ್ತಾರೆ. ಹುದುಗಿದ ಮೇಲೂ ಉಳಿದ ಮಾಲ್ಟಿನ ಸಿಹಿಯನ್ನು ಆ ಕಹಿಗೆ ಸರಿದೂಗಿಸುತ್ತಾರೆ. ಸಿಹಿಯೂ ಕಹಿಯೂ ಒಂದೇ ಪಾತ್ರೆಯಲ್ಲಿ ಹದಗೊಂಡವು. ಆದರೆ ಈ ವಿನಾಯಿತಿ ಮಾರುವವರಿಗಿಲ್ಲ. ಬಾಗಿಲಲ್ಲಿ ಕೋಲು ನಿಲ್ಲಿಸುವ ಕಾಲವಂತೂ ಮರಳಿ ಬರಲಿಲ್ಲ.