ಬಿಚ್ಚಲೆಂದೇ ಮಾಡಿದ ಸ್ಟ್ರಟ್

ಹಳೆಯ ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳಲ್ಲಿ ಒಂದು ಹಳಹಳಿಕೆ ಇದೆ. ಹಿಂದಿನ ಮೆಕ್ಯಾನಿಕ್ ಸವೆದ ಭಾಗವನ್ನು ಬಿಚ್ಚಿ ಸರಿಮಾಡುತ್ತಿದ್ದ, ಇಂದಿನವನು ಕಿತ್ತೆಸೆದು ಹೊಸದನ್ನು ಕೂರಿಸುತ್ತಾನೆ, ಕಸುಬು ಹಾಳಾಯಿತು ಎಂದು. ಶಾಕ್ ಅಬ್ಸಾರ್ಬರಿನ ಚರಿತ್ರೆಯ ಮುಂದೆ ಈ ದೂರು ನಿಲ್ಲುವುದಿಲ್ಲ. ಬಿಚ್ಚಬೇಕೋ ಎಸೆಯಬೇಕೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಮೆಕ್ಯಾನಿಕನ ಮನಸ್ಸಲ್ಲ, ಆ ಭಾಗವನ್ನು ಕಾರಿನ ಮೈಗೆ ಕೂಡಿಸಿದ ರೀತಿ.

20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟ್ರುಫೋ ರೂಪಿಸಿ, ಅಮೆರಿಕದಲ್ಲಿ ಹಾರ್ಟ್‌ಫರ್ಡ್ ಮಾರುಕಟ್ಟೆಗೆ ತಂದ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆಯೇ ಇರಲಿಲ್ಲ. ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತಿದ್ದವು. ಸವೆದರೆ ನಟ್ ಬಿಗಿ ಮಾಡಿದರಾಯಿತು, ಅದು ಮಾಲೀಕನೇ ಮಾಡಿಕೊಳ್ಳುವ ಕೆಲಸ. ಆಮೇಲೆ ಎಣ್ಣೆ ತುಂಬಿದ ಲಿವರ್ ಮಾದರಿ ಬಂತು. 1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿ ಕಾರು ಕೊನೆಯವರೆಗೂ ಇದನ್ನು ಬಿಡಲಿಲ್ಲ. ಅದರ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರಿನ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳೂ ಹೌದು, ಅದನ್ನು ತೆಗೆದರೆ ಚಕ್ರ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಹಳೆಯ ಎರಕದ ಮೈಯನ್ನು ಉಳಿಸಿಕೊಂಡು ಒಳಗಿನ ಬುಷ್, ಸೀಲ್ ಬದಲಿಸಿಕೊಡುವ ವ್ಯಾಪಾರವೇ ಬೆಳೆಯಿತು. ಅದು ಇಂದಿಗೂ ನಡೆದಿದೆ.

ಇನ್ನೊಂದು ದಾರಿ ತೆರೆದವರು ಅರ್ಲ್ ಮ್ಯಾಕ್‌ಫರ್ಸನ್. ಜನರಲ್ ಮೋಟರ್ಸಿನಲ್ಲಿ ಅವರು ರೂಪಿಸುತ್ತಿದ್ದ ಸಣ್ಣ ಕಾರಿನ ಯೋಜನೆ 1947ರಲ್ಲಿ ನಿಂತುಹೋಯಿತು. ಅವರು ಫೋರ್ಡ್ ಸೇರಿದರು, 1950ರಲ್ಲಿ ಬ್ರಿಟಿಷ್ ಫೋರ್ಡಿನ ಕಾನ್ಸಲ್ ಮತ್ತು ಜೆಫೈರ್ ಕಾರುಗಳು ಅವರ ಸ್ಟ್ರಟ್ ಹೊತ್ತು ಬಂದವು. ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬಕ್ಕೆ ಸೇರಿಸಿ, ಆ ಕಂಬವೇ ಚಕ್ರಕ್ಕೆ ಆಧಾರವಾಗುವಂತೆ ಮಾಡಿದ್ದು ಅದರ ಹೊಸತನ. ಅದೇ ದಶಕದಲ್ಲಿ ಕಾಲಿನ್ ಚಾಪ್‌ಮನ್ ಲೋಟಸ್ ಕಾರುಗಳ ಹಿಂಬದಿಗೂ ಇಂಥ ಸ್ಟ್ರಟ್ ಅಳವಡಿಸಿದರು. ಹಿಂದೆ ಮುಂದೆ ಎರಡೂ ಕಡೆ ಸ್ಟ್ರಟ್ ಇರುವ ಸ್ಪೋರ್ಟ್ಸ್ ಕಾರನ್ನು ದೊಡ್ಡ ಸಂಖ್ಯೆಯಲ್ಲಿ ರಸ್ತೆಗಿಳಿಸಿದ್ದು ನಿಸಾನ್. 1969ರ ಕೊನೆಗೆ ಜಪಾನಿನಲ್ಲಿ ಫೇರ್‌ಲೇಡಿ ಝೆಡ್ ಎಂದು ಹೊರಬಂದ ಆ ಕಾರು ಅಮೆರಿಕದಲ್ಲಿ ಡಾಟ್ಸನ್ 240ಝೆಡ್ ಆಯಿತು. ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಈ ಕಾರೇ. ಅದರ ಮುಂಭಾಗದಲ್ಲಿ ಸ್ಟ್ರಟ್ಟಿನ ಕೊಳವೆ ಮತ್ತು ಚಕ್ರ ತಿರುಗುವ ಸ್ಪಿಂಡಲ್ ಬೇರ್ಪಡಿಸಲಾಗದ ಒಂದೇ ತುಂಡು, ಹಿಂದೆ ಕೊಳವೆ ಹಬ್ಬಿನ ಮನೆಯೊಂದಿಗೆ ಕೂಡಿಕೊಂಡಿದೆ. ಒಳಗಿನ ಸೀಲ್ ಸೋರಿತೆಂದು ಇದನ್ನೆಲ್ಲ ಎಸೆಯುವುದು ಯಾರಿಗೂ ಗಿಟ್ಟುವ ಮಾತಲ್ಲ. ಅದಕ್ಕೇ ಕೊಳವೆಯ ಬಾಯಿಗೆ ತಿರುಪಿನ ಗ್ಲಾಂಡ್ ನಟ್ ಇಟ್ಟರು. ಅದನ್ನು ಬಿಚ್ಚಿದರೆ ಪಿಸ್ಟನ್ ಹೊರಬರುತ್ತದೆ, ಸೀಲ್ ಬದಲಿಸಿ ಹೊಸ ಎಣ್ಣೆ ಸುರಿಯಬಹುದು. ಆಮೇಲೆ ಮುಚ್ಚಿದ ಕಾರ್ಟ್ರಿಡ್ಜ್‌ಗಳು ಬಂದವು. ಹಳೆಯ ಕರುಳನ್ನು ತೆಗೆದು ಕಾರ್ಟ್ರಿಡ್ಜ್ ಇಳಿಸಿ, ಶಾಖ ಕೊಳವೆಗೆ ಹರಿಯಲೆಂದು ಸುತ್ತ ಸ್ವಲ್ಪ ಎಣ್ಣೆ ಹಾಕಿ ನಟ್ ಬಿಗಿಯುವುದು ರೂಢಿಯಾಯಿತು. ಕಾರನ್ನು ತಗ್ಗಿಸಬೇಕೆನ್ನುವವರು ಕೊಳವೆಯನ್ನೇ ಕತ್ತರಿಸಿ ಮತ್ತೆ ವೆಲ್ಡ್ ಮಾಡಿ ಗಿಡ್ಡ ಕಾರ್ಟ್ರಿಡ್ಜ್ ಹಾಕಿದರು. ಮೈ ಮಾತ್ರ ಉಳಿಯಿತು.

ಕೂಲಿಯ ದರ ಏರಿದ್ದರಿಂದಲೇ ರಿಪೇರಿ ಸತ್ತಿತು ಎಂದು ಇದಕ್ಕೆ ಉತ್ತರಿಸುವವರಿದ್ದಾರೆ. ಕೂಲಿಯ ಪಾತ್ರ ಇಲ್ಲವೆನ್ನಲಾಗದು, ಕಾರ್ಟ್ರಿಡ್ಜ್ ಗೆದ್ದದ್ದರಲ್ಲಿ ಅದರ ಪಾಲೂ ಇದೆ. ಆದರೆ ಕೂಲಿಯೊಂದೇ ಕಾರಣವಾಗಿದ್ದರೆ ಬ್ರಿಟನ್, ಅಮೆರಿಕಗಳಂಥ ಕೂಲಿ ದುಬಾರಿಯಾದ ನಾಡುಗಳಲ್ಲಿ ಎಂಜಿಬಿಯ ಲಿವರ್ ಶಾಕ್ ಸರಿಮಾಡುವವರು ಬದುಕಿ ಉಳಿಯುತ್ತಿರಲಿಲ್ಲ. ಕೂಲಿ ಅಗ್ಗವಾಗಿದ್ದ ನಮ್ಮಲ್ಲಿ ಮಾರುತಿ 800ರ ಮುಂದಿನ ಸ್ಟ್ರಟ್ಟನ್ನು ಇಡಿಯಾಗಿ ಬದಲಿಸುವುದೇ ಗ್ಯಾರೇಜಿನ ಮಾಮೂಲಾಗುತ್ತಲೂ ಇರಲಿಲ್ಲ. ಅದೂ ಮ್ಯಾಕ್‌ಫರ್ಸನ್ ಸ್ಟ್ರಟ್ಟೇ, ಆದರೆ ಚಕ್ರವನ್ನು ಹೊರುವ ಸ್ಟೀರಿಂಗ್ ನಕಲ್‌ಗೆ ಬೋಲ್ಟ್ ಹಾಕಿ ಕೂಡಿಸಿದ್ದು, ಹಾಗಾಗಿ ಬೋಲ್ಟ್ ಬಿಚ್ಚಿ ಸ್ಟ್ರಟ್ಟನ್ನಷ್ಟೇ ಬದಲಿಸಬಹುದು. ಶಾಕ್‌ಗೆ ಎಣ್ಣೆ ತುಂಬಿಕೊಡುವವರು ಅಲ್ಲಲ್ಲಿ ಇದ್ದಾರೆ ನಿಜ, ಅವರು ವಿನ್ಯಾಸಕ್ಕೆ ಎದುರಾಗಿ ಕೆಲಸ ಮಾಡುವವರು.

ಕಾರ್ಟ್ರಿಡ್ಜ್ ಹಾಕಿದರೆ ಕಾರಿನ ಅಸಲಿತನ ಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಮ್ಯೂಸಿಯಮ್ಮಿನಲ್ಲಿ ನಿಲ್ಲುವ ಕಾರಿಗೆ ಈ ಮಾತು ಒಪ್ಪುತ್ತದೆ. ಓಡುವ ಕಾರಿಗಲ್ಲ, ಏಕೆಂದರೆ ಒಳಗಿನದು ಸವೆಯುತ್ತದೆ ಎಂದು ಮೊದಲೇ ತಿಳಿದೇ ತಯಾರಕರು ಆ ನಟ್ ಇಟ್ಟದ್ದು. ತೀರ ಗಡುಸಾದ ಕಾರ್ಟ್ರಿಡ್ಜ್ ಹಾಕಿ ಕಾರಿನ ನಡೆಯನ್ನೇ ಕೆಡಿಸುವವರ ಬಗ್ಗೆ ದೂರುವುದಾದರೆ ನಾನೂ ದನಿಗೂಡಿಸುತ್ತೇನೆ. ಇನ್ನು ಕಸುಬು ಹೋಯಿತೆನ್ನುವವರು 240ಝೆಡ್‌ನ ಹಿಂದಿನ ಸ್ಟ್ರಟ್ಟನ್ನು ಕೆಳಗಿನ ತೋಳಿಗೆ ಹಿಡಿದಿಡುವ, ತುಕ್ಕು ಹಿಡಿದು ಜಾಮಾದ ಪಿನ್ನನ್ನು ಒಮ್ಮೆ ಹೊರತೆಗೆಯಲು ನೋಡಲಿ. ಇಂಥ ಕಾರು ಇಟ್ಟುಕೊಂಡವರಿಗೆ ಹೇಳುವುದಿಷ್ಟೆ: ಕಾರ್ಟ್ರಿಡ್ಜ್ ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ, ಮೇಲಿನ ರಬ್ಬರ್ ಮೌಂಟನ್ನೂ ನೋಡಿ, ಹಳೆಯ ಕೊಳವೆಯನ್ನು ಮಾತ್ರ ಗುಜರಿಗೆ ಹಾಕಬೇಡಿ.